ಹೂಂ ಅನ್ನದ ಅತ್ತೆ

ಬೈಬಲ್ ಅಧ್ಯಯನದಲ್ಲಿ ಎಂ.ಎ. ಮಾಡುತ್ತೇನೆ ಎಂದು ನಾನು ಮನೆಯಲ್ಲಿ ಹೇಳಿದ ದಿನ ಅತ್ತೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಡೊಂಬಿವಲಿಯ ನಮ್ಮ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದರು, ಸುಲಿಯುತ್ತಲೇ ಇದ್ದರು. ಗಂಡ ಟೀವಿಯ ದನಿ ಕಡಿಮೆ ಮಾಡಿ, "ಸೊಸೈಟಿಯೊಳಗ ಯಾರ ಮುಂದೂ ಹೇಳಬ್ಯಾಡ" ಎಂದರು. ಅವರು ಮಹಾಪೆಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುವವರು. ಒಳಗೆ ಬಂದ ಸಾಮಾನಿಗೂ ಹೊರಗೆ ಹೋದ ಸಾಮಾನಿಗೂ ಸಹಿ ಬೇಕೆನ್ನುವ ಮನುಷ್ಯ. ಅತ್ತೆಯ ಸಹಿ ಬಿದ್ದಿಲ್ಲ ಎನ್ನುವುದು ಅವರಿಗೂ ಗೊತ್ತಾಯಿತು, ನನಗೂ.

ನನ್ನದು ಮೊದಲಿನಿಂದಲೂ ಮೊಸರಿನಲ್ಲಿ ಕಲ್ಲು ಹುಡುಕುವ ಬುದ್ಧಿ. ತರಕಾರಿಯವನು ತೂಗುವಾಗ ನಾನು ತಕ್ಕಡಿ ನೋಡುವುದಿಲ್ಲ, ಅವನ ಬೆರಳು ನೋಡುತ್ತೇನೆ. ಯಾರಾದರೂ ಹೊಗಳಿದರೆ ಇವರಿಗೆ ನನ್ನಿಂದ ಏನೋ ಆಗಬೇಕಾಗಿದೆ ಎಂದುಕೊಳ್ಳುತ್ತೇನೆ. ಈ ಬುದ್ಧಿಯೇ ನನ್ನನ್ನು ಈ ಓದಿಗೆ ಹಚ್ಚಿತು. ನಾನು ಪಾಠ ಹೇಳುತ್ತಿದ್ದ ಕನ್ನಡ ಶಾಲೆ ಮಕ್ಕಳಿಲ್ಲದೆ ಮುಚ್ಚಿದ ಮೇಲೆ, ಕಳವಾ ಎಂಬ ಊರಿನ ಒಂದು ಸಣ್ಣ ಪ್ರೆಸ್ಸಿಗೆ ಕರಡು ತಿದ್ದಿಕೊಡುತ್ತಿದ್ದೆ. ಇಲ್ಲಿನ ಕನ್ನಡ ಕ್ರೈಸ್ತರಿಗಾಗಿ ಅವರು ಕಿರುಪುಸ್ತಕಗಳನ್ನು ಅಚ್ಚು ಹಾಕುತ್ತಿದ್ದರು. ಒಂದರಲ್ಲಿ ಹಳೆಯ ಒಡಂಬಡಿಕೆಯ ಅತ್ತೆ ಸೊಸೆಯ ಕಥೆ ಬಂತು. ಓದಿದೆ. ನಂಬಲಿಲ್ಲ. ಇಷ್ಟು ಒಳ್ಳೆಯ ಅತ್ತೆ, ಇಷ್ಟು ಒಳ್ಳೆಯ ಸೊಸೆ ಎಲ್ಲಿಯಾದರೂ ಇರುತ್ತಾರೆಯೇ, ಮೂಲದಲ್ಲಿ ಬೇರೆ ಏನೋ ಇರಬೇಕು ಎಂದು ಪ್ರೆಸ್ಸಿನವರನ್ನು ಕೇಳಿದೆ. "ಅಷ್ಟ ಸಂಶಯ ಇದ್ರ ಹೋಗಿ ಓದ್ರಿ ಅಕ್ಕಾರ" ಎಂದರು ಅವರು, ಬೇಜಾರಿನಿಂದ. ನಾನು ಹೋದೆ.

ಕಾಲೇಜು ಇದ್ದದ್ದು ಕೋಪರಖೈರಣೆಯಲ್ಲಿ, ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಶನಿವಾರ ಇಡೀ ದಿನ ಪಾಠ. ಅರ್ಜಿಯಲ್ಲಿ ನಿಮ್ಮ ಸಭೆಯ ಪಾಲಕರಿಂದ, ಅಂದರೆ ಚರ್ಚಿನ ಪಾಸ್ಟರರಿಂದ, ಶಿಫಾರಸು ಪತ್ರ ತನ್ನಿ ಎಂದಿತ್ತು. ನನಗೆ ಸಭೆಯೂ ಇಲ್ಲ, ಪಾಲಕರೂ ಇಲ್ಲ. ಆ ಜಾಗದಲ್ಲಿ ನಾನು ಗೆರೆ ಎಳೆದು ಕೊಟ್ಟೆ. ಸೇರಿಸಿಕೊಂಡರು, ಆದರೆ ಆ ಗೆರೆಯನ್ನು ಯಾರೂ ಮರೆಯಲಿಲ್ಲ. ತರಗತಿಯಲ್ಲಿ ನಾವು ಹನ್ನೊಂದು ಜನ. ಹತ್ತು ಮಂದಿ ಪಾಲಕರು, ಇಲ್ಲವೇ ಆಗಲಿರುವವರು. ಹನ್ನೊಂದನೆಯವಳು ಕುಂಕುಮ ಇಟ್ಟುಕೊಂಡು, ಮಂಗಳಸೂತ್ರ ಹಾಕಿಕೊಂಡು ಬರುವ ನಾನು.

ಮೊದಲ ದಿನವೇ ಚಹದ ಹೊತ್ತಿಗೆ ಕಳವಾ ಊರಿನ ಪಾಲಕರೊಬ್ಬರು ಹತ್ತಿರ ಬಂದು, "ದೀದಿ, ಆಪ್ ಕಿಸ್‌ಕೀ ತರಫ್ ಸೇ ಆಯೀ ಹೈಂ?" ಎಂದು ಕೇಳಿದರು. ಯಾರ ಕಡೆಯವಳು ನಾನು, ಯಾರು ಕಳಿಸಿದರು ಎಂದು. "ಡೊಂಬಿವಲಿ ಸೇ" ಎಂದೆ. ಅವರು ನಗಲಿಲ್ಲ. ಆಮೇಲೆ ನಾನು ಹತ್ತಿರ ಹೋದರೆ ಅವರ ಮಾತು ಕ್ರಿಕೆಟ್ಟಿಗೋ ಮಳೆಗೋ ಹೊರಳುತ್ತಿತ್ತು. ಅವರಿಗೂ ಕಾರಣವಿತ್ತು. ಕಳವಾ ಊರಿನಲ್ಲಿ ಅವರು ಒಂದು ಕೋಣೆಯಲ್ಲಿ ನಡೆಸುವ ಪ್ರಾರ್ಥನೆಗೆ ಗುರುತಿಲ್ಲದವರು ಬಂದು ಕೂತು, ಮೊಬೈಲಿನಲ್ಲಿ ಎಲ್ಲರ ಮುಖ ತುಂಬಿಕೊಂಡು ಹೋಗಿದ್ದರಂತೆ. ಅದು ತಿಳಿದ ಮೇಲೂ ನನಗೆ ಸಿಟ್ಟೇ ಬರುತ್ತಿತ್ತು. ಸಂಶಯ ಪಡುವುದು ನನ್ನ ಹಕ್ಕು, ನನ್ನ ಮೇಲೆ ಯಾರೂ ಪಡಬಾರದು ಎನ್ನುವವಳು ನಾನು.

ಅಲ್ಲಿ ನನಗೆ ದಕ್ಕಿದವರು ಒಬ್ಬರೇ, ನಮ್ಮ ಮೇಷ್ಟ್ರು. ಉಡುಪಿ ಕಡೆಯ ವಯಸ್ಸಾದ ಕ್ರೈಸ್ತರು. ಪಾಠ ಇಂಗ್ಲಿಷಿನಲ್ಲಿ ಮಾಡಿ, ನನ್ನ ಮುಖ ನೋಡಿ ಕನ್ನಡದಲ್ಲಿ ಮತ್ತೊಮ್ಮೆ ಹೇಳುವರು. "ಪಠ್ಯವನ್ನು ಸುಮ್ಮನೆ ನಂಬಬೇಡಿ ಮಾರಾಯ್ರೆ. ಅದು ಎಂತ ಹೇಳ್ತದೆ ಅಂತ ನೋಡಿ. ಮತ್ತೆ ಎಂತ ಹೇಳುದಿಲ್ಲ ಅಂತಲೂ ನೋಡಿ. ಯಾರಿಗೆ ಬಾಯಿ ಉಂಟು, ಯಾರಿಗೆ ಇಲ್ಲ, ಲೆಕ್ಕ ಹಾಕಿ" ಎನ್ನುವರು. ನನಗೆ ಕೇಳಿ ಖುಷಿಯೋ ಖುಷಿ. ಹುಟ್ಟಿನಿಂದ ಬೈಗಳು ತಿನ್ನಿಸಿದ ಗುಣಕ್ಕೆ ಇಲ್ಲಿ ಅಂಕ ಕೊಡುತ್ತಾರಲ್ಲ ಎಂದು.

ಒಂದು ಶನಿವಾರ ಅವರು ಯೆಹೂದ್ಯರ ಒಂದು ಪದ್ಧತಿಯನ್ನು ಹೇಳಿದರು. ದೇವರ ಹೆಸರು ಬರೆದ ಹಾಳೆ ಹರಿದರೂ ಸವೆದರೂ ಅವರು ಎಸೆಯುತ್ತಿರಲಿಲ್ಲವಂತೆ. ಪ್ರಾರ್ಥನಾ ಮಂದಿರದ ಒಂದು ಕೋಣೆಯಲ್ಲಿ ಹಾಗೇ ತುಂಬಿಡುತ್ತಿದ್ದರಂತೆ. ಎಷ್ಟೋ ಶತಮಾನ ಕಳೆದ ಮೇಲೆ ಆ ಚೂರುಗಳೇ ಪಂಡಿತರಿಗೆ ನಿಧಿಯಾದವಂತೆ. ಊಟದ ಹೊತ್ತಿಗೆ ಗಂಡನಿಗೆ ಇದನ್ನು ಹೇಳುತ್ತಿದ್ದೆ. ರೊಟ್ಟಿ ಮುರಿಯುತ್ತಿದ್ದ ಅತ್ತೆ ತಲೆ ಎತ್ತದೆ, "ನಮ್ಮಲ್ಲೂ ಹಂಗ. ನಾವು ನೀರಿಗೆ ಬಿಡ್ತೀವಿ, ಅಷ್ಟ ಫರಕ" ಎಂದರು. ಆ ಎರಡು ವರ್ಷಗಳಲ್ಲಿ ನನ್ನ ಓದಿನ ಬಗ್ಗೆ ಅವರ ಬಾಯಿಂದ ಬಂದ ಮಾತು ಅದೊಂದೇ. ಇವರು ನನ್ನ ಮಾತನ್ನು ಕಿವಿಗೊಟ್ಟು ಕೇಳುತ್ತಾರೆ ಎಂದು ಆಗ ಗೊತ್ತಾಯಿತು. ಅದರಿಂದ ಸಂತೋಷವಾಗಲಿಲ್ಲ, ಎಚ್ಚರವಾಯಿತು.

ಕೊನೆಗೆ ಒಪ್ಪಿಸುವ ಪ್ರಬಂಧಕ್ಕೆ ನಾನು ಮೊದಲ ವರ್ಷದಲ್ಲೇ ಆ ಅತ್ತೆ ಸೊಸೆಯ ಕಥೆಯನ್ನೇ ತೆಗೆದುಕೊಂಡೆ. ಬರಗಾಲ ಬಿದ್ದು ಒಂದು ಸಂಸಾರ ಪರದೇಶಕ್ಕೆ ಹೋಗುತ್ತದೆ. ಅಲ್ಲಿ ಗಂಡನೂ ಇಬ್ಬರು ಗಂಡುಮಕ್ಕಳೂ ಸತ್ತು, ಮುದುಕಿ ತನ್ನೂರಿಗೆ ಹೊರಡುತ್ತಾಳೆ. ಇಬ್ಬರು ಸೊಸೆಯರಿಗೂ ನಿಮ್ಮ ನಿಮ್ಮ ತವರಿಗೆ ಹೋಗಿ ಎನ್ನುತ್ತಾಳೆ. ಒಬ್ಬಳು ಅತ್ತು ಹೋಗುತ್ತಾಳೆ. ಇನ್ನೊಬ್ಬಳು ಹೋಗುವುದಿಲ್ಲ. ಅತ್ತೆಯ ಊರು, ಅತ್ತೆಯ ಜನ, ಅತ್ತೆಯ ದೇವರು ಎಲ್ಲ ತನ್ನವೇ ಎಂದು ಮಾತು ಕೊಡುತ್ತಾಳೆ. ಎಲ್ಲರೂ ಇಲ್ಲಿಗೆ ನಿಂತು ಕಣ್ಣು ಒರೆಸಿಕೊಳ್ಳುತ್ತಾರೆ. ನಾನು ಮುಂದಿನ ಸಾಲನ್ನು ಹಿಡಿದೆ. ಅಷ್ಟು ದೊಡ್ಡ ಮಾತಿಗೆ ಅತ್ತೆ ಉತ್ತರವನ್ನೇ ಕೊಡುವುದಿಲ್ಲ, ಸುಮ್ಮನಾಗುತ್ತಾಳೆ. ಊರು ಸೇರಿದ ಮೇಲೆ ಹೆಂಗಸರ ಮುಂದೆ ನಾನು ಬರಿಗೈಯಲ್ಲಿ ಬಂದೆ ಎಂದು ಗೋಳಾಡುತ್ತಾಳೆ, ಸೊಸೆ ಪಕ್ಕದಲ್ಲಿ ನಿಂತಿರುವಾಗಲೇ. ಈ ಮುದುಕಿ ಸೊಸೆಯನ್ನು ನಂಬಲಿಲ್ಲ, ಅವಳ ಮೌನ ಸಂಶಯದ ಮೌನ ಎಂಬುದು ನನ್ನ ವಾದ. ಬರೆಯುವಾಗ ಯಾವ ಅತ್ತೆಯ ಮುಖ ಕಣ್ಣ ಮುಂದಿತ್ತು ಎಂದು ಬೇರೆ ಹೇಳಬೇಕಿಲ್ಲ.

ಮೊದಲು ಹಳೆಯ ಕರಡು ಹಾಳೆಗಳ ಹಿಂಬದಿಯಲ್ಲಿ ಕಚ್ಚಾ ಬರೆಯುತ್ತಿದ್ದೆ. ಹೀಬ್ರೂ ಸಾಲುಗಳು, ಅದರ ಕೆಳಗೆ ಕನ್ನಡ, ಬದಿಯಲ್ಲಿ ನನ್ನ ತಕರಾರು. ಅದನ್ನು ಒಂದು ದಪ್ಪ ನೋಟುಬುಕ್ಕಿಗೆ ನೀಟಾಗಿ ಇಳಿಸಿ, ಕಚ್ಚಾ ಹಾಳೆಗಳನ್ನು ಮುದ್ದೆ ಮಾಡಿ ಅಡುಗೆಮನೆಯ ಕಚರಾ ಡಬ್ಬಿಗೆ ಹಾಕುತ್ತಿದ್ದೆ. ಮನೆಯ ಕಂಪ್ಯೂಟರನ್ನು ನಾನು ನಂಬುತ್ತಿರಲಿಲ್ಲ, ಗಂಡನ ಕಣ್ಣು ಅದರ ಮೇಲೆ ಇರುತ್ತಿತ್ತು. ಆ ನೋಟುಬುಕ್ಕು ಒಂದೇ. ಅದರಲ್ಲಿರುವುದನ್ನು ಯುಗಾದಿ ಮುಗಿದ ವಾರದಲ್ಲಿ ಟೈಪು ಮಾಡಿ ಒಪ್ಪಿಸಿದರೆ ಪದವಿ, ಇಲ್ಲವಾದರೆ ಎರಡು ವರ್ಷ ನೀರಿನಲ್ಲಿ ಹೋಮ.

ಮೇಷ್ಟ್ರು ಒಂದು ಸಲ, "ಅದರ ಝೆರಾಕ್ಸ್ ತೆಗ್ದು ನನ್ನತ್ರ ಒಂದು ಇಡಿ, ಹೋದ್ರೆ ಎಂತ ಮಾಡ್ತೀರಿ?" ಎಂದಿದ್ದರು. ನಾನು ಹಲ್ಲು ಕಿರಿದು ಬಿಟ್ಟೆ. ನನ್ನ ವಾದವನ್ನು ತಮ್ಮ ಯಾವುದೋ ಲೇಖನಕ್ಕೆ ಸೇರಿಸಿಕೊಂಡರೆ ಎಂಬ ಯೋಚನೆ ಆ ಕ್ಷಣಕ್ಕೆ ಬಂದದ್ದು ನಿಜ. ಅಂಥ ಮನುಷ್ಯರ ಮೇಲೆ ಹಾಗೆ ಅಂದುಕೊಂಡದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ನೋಟುಬುಕ್ಕನ್ನು ಮನೆಯಲ್ಲಿ ಎಲ್ಲಿಡುವುದು ಎಂಬುದೇ ದೊಡ್ಡ ತಲೆನೋವಾಗಿತ್ತು. ನೆರೆಮನೆಯವರು ಬಂದು ತೆರೆದು ನೋಡಿದರೆ ಒಂದು ಕಥೆ, ಅತ್ತೆ ನೋಡಿದರೆ ಇನ್ನೊಂದು. ಶಾಲೆಯ ದಿನಗಳಲ್ಲಿ ಪುಸ್ತಕಗಳಿಗೆಲ್ಲ ಹಳೆಯ ಕ್ಯಾಲೆಂಡರಿನ ಹಾಳೆ ಹಾಕುತ್ತಿದ್ದೆವಲ್ಲ, ಹಾಗೆ ಕಿರಾಣಿ ಅಂಗಡಿಯ ಕ್ಯಾಲೆಂಡರೊಂದನ್ನು ಹುಡುಕಿ ಅದಕ್ಕೆ ಹೊದಿಕೆ ಹಾಕಿದೆ. ಮೇಲೆ ಸೊಂಟದ ಮೇಲೆ ಕೈಯಿಟ್ಟ ವಿಠ್ಠಲ, ಒಳಗೆ ಹೀಬ್ರೂ. ಹೊದಿಸಿ, ದೇವರ ಶೆಲ್ಫಿನ ಕೆಳಗಿನ ಅಂತಸ್ತಿನಲ್ಲಿ, ಸ್ತೋತ್ರದ ಪುಸ್ತಕಗಳ ನಡುವೆ ತುರುಕಿಟ್ಟೆ. ದೀಪದ ಬುಡದಲ್ಲಿ ಯಾರು ಹುಡುಕುತ್ತಾರೆ ಎಂದು ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಪ್ರತಿದಿನ ಅತ್ತೆಯ ಪೂಜೆ ಮುಗಿದ ಮೇಲೆ ತೆಗೆದು ಬರೆಯುವುದು, ಅಲ್ಲೇ ಇಡುವುದು. ಹೊದಿಕೆಗೆ ಎಣ್ಣೆ, ಅರಿಸಿನ ಹತ್ತಿ ಕೆಲವೇ ತಿಂಗಳಲ್ಲಿ ಅದು ನೂರು ವರ್ಷದ ಪುಸ್ತಕದ ಹಾಗೆ ಕಾಣತೊಡಗಿತು.

ಯುಗಾದಿಗೆ ಎರಡು ದಿನ ಇರುವಾಗ ಒಂದು ಶನಿವಾರ. ನಾನು ಕಾಲೇಜಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದೆ. ಅತ್ತೆ ಒಂದು ಚೀಲ ತಂದು ಕೈಗೆ ಕೊಟ್ಟರು. ಬಾಯಿ ಕಟ್ಟಿತ್ತು. "ನಿರ್ಮಾಲ್ಯ. ಖಾಡಿಗೆ ಬಿಡು" ಎಂದರು. ಒಣಗಿದ ಹೂ, ಹಳೆಯ ಪಂಚಾಂಗ, ಹರಿದ ದೇವರ ಪಟ ಇಂಥವನ್ನು ನಮ್ಮ ಕಡೆ ಕಚರಾಕ್ಕೆ ಹಾಕುವುದಿಲ್ಲ. ಇಲ್ಲಿ ಹರಿಯುವ ಹೊಳೆ ಎಲ್ಲಿದೆ? ಕಳವಾ ದಾಟಿ ಠಾಣೆಗೆ ಮುಂಚೆ ಲೋಕಲ್ ಟ್ರೇನು ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಸೇತುವೆ ಮೇಲೆ ಹೋಗುವಾಗ ಬಾಗಿಲಲ್ಲಿ ನಿಂತವರು ಎಸೆದು ಕೈ ಮುಗಿಯುತ್ತಾರೆ. ಹಾಗೆ ಎಸೆಯಬಾರದು, ಅದಕ್ಕೆ ಕೆರೆಗಳ ಬಳಿ ಬೇರೆ ಕುಂಡ ಇಟ್ಟಿದ್ದಾರೆ ಎಂದು ನನಗೂ ಗೊತ್ತು. ಆದರೂ ಲೇಡೀಸ್ ಡಬ್ಬಿಯಲ್ಲಿ ಬಾಗಿಲ ಹತ್ತಿರ ನಿಂತು, ಸೇತುವೆ ಬಂದಾಗ ಎಸೆದೆ. ಚೀಲ ಭಾರವಾಗಿಯೇ ಇತ್ತು. ಹಳೆಯ ಪಂಚಾಂಗಗಳು ಜಾಸ್ತಿ ಇರಬೇಕು ಎಂದುಕೊಂಡು ಕೈಯನ್ನು ಹಣೆಗೆ ಮುಟ್ಟಿಸಿಕೊಂಡೆ.

ಹಬ್ಬ ಮುಗಿದ ಮರುದಿನ ನೋಟುಬುಕ್ಕಿಗೆ ಕೈ ಹಾಕಿದರೆ ಅದು ಇರಲಿಲ್ಲ.

ಮೊದಲ ಸಂಶಯ ಕಳವಾ ಊರಿನ ಪಾಲಕರ ಮೇಲೆ ಹೋಯಿತು. ಹಿಂದಿನ ವಾರ ನನ್ನ ಚೀಲದ ಪಕ್ಕದಲ್ಲೇ ಕೂತು, "ದೀದಿ, ಆಪ್ ಕ್ಯಾ ಲಿಖ್ ರಹೀ ಹೈಂ" ಎಂದು, ನಾನೇನು ಬರೆಯುತ್ತಿದ್ದೇನೆಂದು ನೋಡಲು ಇಣುಕಿದ್ದರು. ಆದರೆ ಆ ವಾರ ನಾನು ನೋಟುಬುಕ್ಕು ಒಯ್ದಿರಲೇ ಇಲ್ಲ. ಆಮೇಲೆ ಗಂಡನ ಮೇಲೆ. ಅವರ ಕಪಾಟು, ಆಫೀಸಿನ ಚೀಲ, ಸ್ಕೂಟರಿನ ಡಿಕ್ಕಿ ಎಲ್ಲ ಜಾಲಾಡಿದೆ. ಅವರು ನೋಡುತ್ತ ನಿಂತಿದ್ದು, "ನನ್ನ ಕಿಸೆ ಒಂದು ಉಳೀತು, ಅದನ್ನೂ ನೋಡು" ಎಂದರು. ಉಳಿದವರು ಒಬ್ಬರೇ. ಎರಡು ವರ್ಷ ಹೂಂ ಅನ್ನದವರು, ಊಹೂಂ ಅನ್ನದವರು, ಆದರೆ ಕಿವಿಗೊಟ್ಟು ಕೇಳುವವರು.

ಅವರು ಗ್ಯಾಲರಿಯಲ್ಲಿ ಬೇವಿನ ಹೂವು ಒಣಹಾಕುತ್ತಿದ್ದರು. ನಾನು ಹೋಗಿ ಎದುರಿಗೆ ನಿಂತೆ. ಮನೆಗೆ ಬಂದು ಇಪ್ಪತ್ತನಾಲ್ಕು ವರ್ಷದಲ್ಲಿ ಅವರ ಮುಂದೆ ದನಿ ಏರಿಸಿದವಳಲ್ಲ ನಾನು.

"ಅತ್ತಿಯಾರ, ನಾ ಓದೋದು ನಿಮಗ ಬ್ಯಾಡಾಗಿದ್ರ ಬಾಯಿ ಬಿಟ್ಟು ಹೇಳಬೇಕಿತ್ತು. ಕದ್ದು ತಗೊಂಡು ಹಾಳ ಮಾಡಬಾರದಿತ್ತು."

ಅವರು ಕೈಯನ್ನು ಸೆರಗಿಗೆ ಒರೆಸಿಕೊಂಡರು. "ಏನು ಕದ್ನಿ ನಾ?"

"ನನ್ನ ನೋಟುಬುಕ್ಕು. ದೇವರ ಶೆಲ್ಫಿನ್ಯಾಗ ಇಟ್ಟಿದ್ದೆ."

"ಅಲ್ಲಿ ನಿನ್ನ ಪುಸ್ತಕ ಎಲ್ಲಿತ್ತು? ಅಲ್ಲಿರೂವೆಲ್ಲಾ ದೇವರವು."

ಹೇಳದೆ ದಾರಿಯಿರಲಿಲ್ಲ. "ಮ್ಯಾಲೆ ವಿಠ್ಠಲನ ಫೋಟೋ ಇತ್ತು" ಎಂದೆ.

ಅತ್ತೆ ಹತ್ತಿರವಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟರು. "ಎಣ್ಣಿ ಬಡದು ಹರದು ಹೋಗಿತ್ತಲ್ಲ, ಅದಾ? ದೇವರ ಫೋಟೋ ಇದ್ದದ್ದು ಕಚರಾಕ್ಕ ಹಾಕಬಾರದಂತ ನಿರ್ಮಾಲ್ಯಕ್ಕ ಹಾಕಿದೆ. ನಿನ್ನ ಕೈಯಾಗ ಕೊಟ್ನೆಲ್ಲವಾ."

ನಾನು ಒಳಗೆ ಹೋಗಿ ಮಲಗಿದೆ. ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಸಿಟ್ಟು ಮಾಡಲು ಜನವೇ ಉಳಿದಿರಲಿಲ್ಲ. ಮುಚ್ಚಿಟ್ಟವಳು ನಾನು, ಹೊದಿಕೆ ಹಾಕಿದವಳು ನಾನು, ಸೇತುವೆಯ ಮೇಲಿಂದ ಎಸೆದು ಹಣೆಗೆ ಕೈ ಮುಟ್ಟಿಸಿಕೊಂಡವಳೂ ನಾನೇ. ಮೇಷ್ಟ್ರಿಗೆ ಫೋನ್ ಮಾಡಿ ಹೇಳಿದಾಗ ಅವರು, "ಝೆರಾಕ್ಸ್ ಅಂತ ಹೇಳಿದ್ದೆ ನಾನು" ಎಂದಷ್ಟೇ ಅಂದು, ಇನ್ನೊಂದು ತಿಂಗಳು ಕಾಲ ಕೊಡಿಸುತ್ತೇನೆ ಎಂದರು. ಒಂದು ತಿಂಗಳಲ್ಲಿ ಎರಡು ವರ್ಷದ್ದು ಯಾರ ಕೈಯಿಂದ ಆಗುತ್ತದೆ? ಬಿಟ್ಟುಬಿಡುತ್ತೇನೆ ಎಂದೆ. ಬಿಡುವುದೆಂದೇ ಗಟ್ಟಿ ಮಾಡಿದ್ದೆ.

ಮೂರು ದಿನ ನಮ್ಮಿಬ್ಬರ ನಡುವೆ ಮಾತಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ, ಗಂಡ ಕೆಲಸಕ್ಕೆ ಹೋದ ಮೇಲೆ, ಅತ್ತೆ ತಮ್ಮ ಟ್ರಂಕು ತೆಗೆದ ಸದ್ದಾಯಿತು. ಹಳೆಯ ಇಳಕಲ್ಲ ಸೀರೆಯ ತುಂಡಿನಲ್ಲಿ ಕಟ್ಟಿದ ಒಂದು ಗಂಟು ತಂದು ನನ್ನ ಮುಂದಿಟ್ಟರು. ಬಿಚ್ಚಿದೆ. ನನ್ನ ಕಚ್ಚಾ ಹಾಳೆಗಳು. ಮುದ್ದೆ ಮಾಡಿ ಎಸೆದವನ್ನು ಒಂದೊಂದಾಗಿ ಬಿಡಿಸಿ, ಕೈಯಿಂದ ತೀಡಿ, ಒಂದರ ಮೇಲೊಂದು ಇಟ್ಟಿದ್ದರು. ಕೆಲವಕ್ಕೆ ಚಹದ ಪುಡಿಯ ಕಲೆ, ಕೆಲವಕ್ಕೆ ಈರುಳ್ಳಿಯ ವಾಸನೆ. ಎರಡು ವರ್ಷದ್ದು ಎಲ್ಲ ಇರಲಿಲ್ಲ, ಆದರೆ ಮುಕ್ಕಾಲು ಪಾಲು ಇತ್ತು. ಹೀಬ್ರೂ ಸಾಲು, ಕನ್ನಡ ಸಾಲು, ಬದಿಯಲ್ಲಿ ನನ್ನ ತಕರಾರು.

ನನ್ನ ಕಣ್ಣು ತುಂಬಿತು. ಆದರೂ ಬಾಯಿಗೆ ಬಂದದ್ದು ಬೇರೆಯೇ. "ಇವನ್ನ ಯಾಕ ಇಟ್ಟುಕೊಂಡ್ರಿ?"

"ಅಕ್ಷರ ಇದ್ದದ್ದು ಸಿಪ್ಪಿ ಜೋಡಿ ಹೋಗಬಾರದು ಅಂತ ಮೊದಲ ತಗದಿಟ್ಟೆ" ಎಂದರು. "ಆಮ್ಯಾಲೆ ಈ ಲಿಪಿ ನೋಡಿ ಹೆದ್ರಿಕಿ ಬಂತು. ಯಾವುದರೆ ಮಾಟ ಮಂತ್ರ ಇದ್ದೀತು, ಇಲ್ಲಾ ಆ ಮತಕ್ಕ ಹೋಗಾಕ ಏನರೆ ಬರಕೊಡಾಕತ್ತಾಳೋ ಅಂತ. ಓದಿಕೊಂಡವರಿಗೆ ತೋರಸಬೇಕು ಅಂತ ಕೂಡಿಟ್ಟೆ."

"ತೋರಿಸಿದ್ರೇನು?"

"ಯಾರಿಗೆ ತೋರಸ್ಲಿ? ಮನಿ ಮಾತು ಹೊರಗ ಹೋದ್ರ ಮಂದಿ ಬಿಡ್ತಾರೇನು?"

ಅಂದರೆ ಎರಡು ವರ್ಷ ನನ್ನ ವಿರುದ್ಧ ಸಾಕ್ಷಿಯೆಂದು ಕೂಡಿಟ್ಟದ್ದು ಇದು. ನಗಬೇಕೋ ಜಗಳ ತೆಗೆಯಬೇಕೋ ತಿಳಿಯಲಿಲ್ಲ. ಅವರು ಎದುರಿಗೆ ಕಾಲು ಚಾಚಿ ಕೂತು, "ಈಗ ಓದು. ಏನದ ಅದರಾಗ, ಎಲ್ಲಾ ಓದು" ಎಂದರು. ಅದು ಕೇಳಿಕೆಯಾಗಿರಲಿಲ್ಲ, ವಿಚಾರಣೆಯಾಗಿತ್ತು.

ಓದಿದೆ. ಬರಗಾಲ, ಸಾವು, ದಾರಿಯ ನಡುವೆ ನಿಂತ ಮೂವರು ಹೆಂಗಸರು. ಅತ್ತು ಹೋದ ಸೊಸೆ, ಹೋಗದ ಸೊಸೆ, ಅವಳ ಮಾತು. ಸುಮ್ಮನಾದ ಅತ್ತೆ. ನನ್ನ ವಾದವನ್ನೂ ಓದಿದೆ, ಮುಖ ಮೇಲೆತ್ತದೆ: ಈ ಅತ್ತೆ ಸೊಸೆಯನ್ನು ನಂಬಲಿಲ್ಲ, ಅದಕ್ಕೇ ಸುಮ್ಮನಾದಳು.

ಅತ್ತೆ ಬೇವಿನ ಕಡ್ಡಿಯೊಂದನ್ನು ಬೆರಳಲ್ಲಿ ತಿರುವುತ್ತಿದ್ದರು. "ತಪ್ಪು" ಎಂದರು. "ಹೂಂ ಅಂದಿದ್ರ ಆ ಹುಡಿಗಿ ಮಾತಿಗೆ ಕಟ್ಟುಬೀಳ್ತಿದ್ಲು. ನಾಳೆ ಬ್ಯಾಸರಾದ್ರ ತವರಿಗೆ ಹೊಳ್ಳಿ ಹೋಗಾಕ ಮುಖ ಇರ್ತಿರಲಿಲ್ಲ. ಬ್ಯಾಡ ಅಂದಿದ್ರ ಸಿಟ್ಟಿಗೆದ್ದು ಅವತ್ತ ಹೋಗ್ತಿದ್ಲು. ಸುಮ್ನಿದ್ರ ಎರಡೂ ಬಾಗಲಾ ತೆರದಿರ್ತಾವ. ಮುದುಕಿ ಶಾಣ್ಯಾಕಿ."

ನಾನು ಪೆನ್ನು ಹುಡುಕಿ ಆ ಮಾತನ್ನು ಹಾಳೆಯ ಬದಿಯಲ್ಲಿ ಬರೆದುಕೊಂಡೆ. ನಾನು ಓದಿದ ಯಾವ ಪಂಡಿತರೂ ಅದನ್ನು ಹೇಳಿರಲಿಲ್ಲ. ಮುಂದೆ ಆ ಒಂದು ತಿಂಗಳಲ್ಲಿ, ಆ ಹಾಳೆಗಳನ್ನೇ ಜೋಡಿಸಿಕೊಂಡು, ಪ್ರಬಂಧವನ್ನು ಬೇರೆ ದಿಕ್ಕಿಗೆ ತಿರುಗಿಸಿ ಬರೆದು ಮುಗಿಸಿದೆ. ಮೇಷ್ಟ್ರು ಆ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು, "ಇದು ಯಾರದ್ದು? ಆಧಾರ ಹಾಕ್ಲಿಲ್ಲ ನೀವು" ಎಂದರು. ಅಡಿಟಿಪ್ಪಣಿಯಲ್ಲಿ 'ಲೇಖಕಿಯ ಅತ್ತೆ, ಡೊಂಬಿವಲಿ, ಮಾತುಕತೆಯಲ್ಲಿ' ಎಂದು ಹಾಕಿದೆ. ಪದವಿ ಬಂತು. ಕಳವಾ ಊರಿನ ಪಾಲಕರು ಪೇಡೆ ತಿನ್ನಿಸಿದರು, ಈಗ ಮುಂದೇನು ಮಾಡುವಿರಿ ಎಂದು ಮತ್ತೂ ಕೇಳಿದರು.

ಆದರೆ ನನಗೆ ನೆನಪಿರುವುದು ಆ ಬೆಳಿಗ್ಗೆಯೇ. ಬರೆದುಕೊಂಡು ಪೆನ್ನು ಮುಚ್ಚುವಾಗ ನನಗೆ ಬಟಾಣಿ ಸುಲಿಯುತ್ತಿದ್ದ ದಿನ ನೆನಪಾಯಿತು. ಹೂಂ ಇಲ್ಲ, ಊಹೂಂ ಇಲ್ಲ. ಕೇಳಿಯೇಬಿಟ್ಟೆ.

"ಅತ್ತಿಯಾರ, ನೀವೂ ಹಂಗ ಸುಮ್ನಿದ್ರೇನು? ನನಗ ಎರಡೂ ಬಾಗಲಾ ತೆರದಿರ್ಲಿ ಅಂತ?"

ಅವರು ನನ್ನ ಮುಖವನ್ನು ನೋಡಿ ಯೋಚಿಸಿದರು. ಸುಳ್ಳು ಹೇಳುವ ಅಭ್ಯಾಸ ಅವರಿಗಿಲ್ಲ.

"ಇಲ್ಲವಾ. ನಿನ್ನ ಮ್ಯಾಲೆ ನನಗ ಖರೇನ ಸಂಶಯ ಇತ್ತು."

"ಈಗ?"

"ಈಗೂ ಐತಿ" ಎಂದರು. ಸೀರೆಯ ತುಂಡನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು, ಹಾಳೆಗಳನ್ನು ನನ್ನ ಕಡೆಗೆ ಸರಿಸಿದರು. "ಮುಂದ ಓದು."